ರೂಟ್ ಕೆನಾಲ್ ನೋವಿಗೆ ಆಂಟಿಬಯಾಟಿಕ್ ಉತ್ತರವಲ್ಲ

ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಡುವ ಹೊತ್ತಿಗೆ ಯಾವುದಾದರೂ ಮೆಡಿಕಲ್ ಸ್ಟೋರ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೆನ್ನೆಗೆ ಕೈಯೊತ್ತಿಕೊಂಡು ಬಂದವರು ಕೇಳುವ ಮಾತು ಹೆಚ್ಚುಕಮ್ಮಿ ಒಂದೇ: "ನೆನ್ನೆ ರೂಟ್ ಕೆನಾಲ್ ಮಾಡಿಸ್ದೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಸ್ವಲ್ಪ ಪವರ್ ಇರೋದು ಕೊಡಿ." ಒಳಗಿನಿಂದ ಬರುವ ಉತ್ತರವೂ ಒಂದೇ: "ಒಳಗೆ ನಂಜಾಗಿರುತ್ತೆ, ಐದು ದಿನದ ಕೋರ್ಸ್ ಮಾಡಿ." ಯಾವ ಹಲ್ಲು ಎಂದು ಯಾರೂ ಕೇಳುವುದಿಲ್ಲ. ಕಚ್ಚಿದಾಗ ನೋವೋ, ಸುಮ್ಮನಿದ್ದಾಗಲೂ ನೋವೋ, ಜ್ವರ ಇದೆಯೋ, ಬಾವು ಬಂದಿದೆಯೋ ಎಂದೂ ಕೇಳುವುದಿಲ್ಲ. ಹತ್ತು ಮಾತ್ರೆಯ ಒಂದು ಪಟ್ಟಿ ಕೈಗೆ ಬರುತ್ತದೆ, ಅಲ್ಲಿಗೆ ಚಿಕಿತ್ಸೆ ಮುಗಿಯುತ್ತದೆ.

ಅಂಗಡಿಯವನೊಬ್ಬನ ತಪ್ಪು ಇದಾಗಿದ್ದರೆ ಇಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ. ಇದೇ ನಂಬಿಕೆ ಅನೇಕ ದಂತ ಚಿಕಿತ್ಸಾಲಯಗಳ ಚೀಟಿಯಲ್ಲಿ ವೈದ್ಯರ ಸಹಿಯೊಂದಿಗೇ ಬರುತ್ತಿದೆ. ಹಲ್ಲಿನ ಬೇರಿಗೆ ಕೈ ಹಾಕಿದ ಮೇಲೆ ಆಂಟಿಬಯಾಟಿಕ್ ಬರೆಯಲೇಬೇಕು, ನೋವು ಬಂದರೆ ಇನ್ನೂ ಬಲವಾದದ್ದು ಬರೆಯಬೇಕು ಎಂಬುದು ವೈದ್ಯರಿಗೂ ರೋಗಿಗೂ ಅಂಗಡಿಗೂ ಒಪ್ಪಿಗೆಯಾಗಿಬಿಟ್ಟಿದೆ. ಮೂವರಿಗೂ ಅನುಕೂಲವಾದ್ದರಿಂದಲೇ ಯಾರೂ ಅದನ್ನು ಪ್ರಶ್ನಿಸುತ್ತಿಲ್ಲ. ಈ ನಂಬಿಕೆ ಸುಳ್ಳು. ಬಡವರ ದುಡ್ಡನ್ನೂ ಹಲ್ಲನ್ನೂ ಅದು ಒಟ್ಟಿಗೆ ತಿನ್ನುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ನೋವಿನ ನಿಜವಾದ ಕಾರಣ ಬಯಲಾಗದಂತೆ ಮುಚ್ಚಿಡುತ್ತಿದೆ.

ಮೊದಲ ಆರೋಪ: ಈ ಮಾತ್ರೆ ತಲುಪಬೇಕಾದ ಜಾಗವನ್ನು ತಲುಪುವುದೇ ಇಲ್ಲ. ಹಲ್ಲಿನ ನಡುವೆ ಇರುವ ಮೃದುವಾದ ತಿರುಳಿನಲ್ಲಿ ರಕ್ತನಾಳಗಳಿವೆ, ನರಗಳಿವೆ. ಹುಳುಕು ಆಳಕ್ಕಿಳಿದು ತಿರುಳು ಸತ್ತಾಗ ಅಲ್ಲಿ ರಕ್ತದ ಹರಿವು ನಿಲ್ಲುತ್ತದೆ. ರೂಟ್ ಕೆನಾಲ್‌ನಲ್ಲಿ ಆ ತಿರುಳನ್ನು ತೆಗೆದೇ ಹಾಕುತ್ತಾರೆ. ನುಂಗಿದ ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಸೇರಿ, ರಕ್ತ ಹೋದಲ್ಲಿಗೆ ಮಾತ್ರ ಹೋಗುತ್ತದೆ. ಪೈಪು ತುಂಡಾದ ಮೇಲೆ ಬೋರ್‌ವೆಲ್ ಮೋಟಾರನ್ನು ಎಷ್ಟು ಹೊತ್ತು ಓಡಿಸಿದರೂ ಆಚೆಯ ಗದ್ದೆಗೆ ನೀರು ಹೋಗುತ್ತದೆಯೇ? ಬೇರಿನ ಕಾಲುವೆಯೊಳಗೆ ಉಳಿದ ಸೂಕ್ಷ್ಮಾಣುಗಳಿಗೆ ಮಾತ್ರೆಯ ಭಯವಿಲ್ಲ. ಅವನ್ನು ತೆಗೆಯಬೇಕಾದ್ದು ವೈದ್ಯರ ಕೈಯಲ್ಲಿರುವ ಸೂಜಿಯಂಥ ಫೈಲು ಮತ್ತು ತೊಳೆಯುವ ದ್ರಾವಣ.

"ಆದರೂ ಕಾಯಿಲೆಗೆ ಮೂಲ ಸೂಕ್ಷ್ಮಾಣುವೇ ತಾನೆ?" ಎಂದು ಕೇಳುವವರಿದ್ದಾರೆ. ನಿಜ. 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ಸಂಶೋಧಕರು ಸೂಕ್ಷ್ಮಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲಿನ ತಿರುಳನ್ನು ತೆರೆದಿಟ್ಟರು. ತಿರುಳು ಸಾಯಲಿಲ್ಲ, ತನ್ನನ್ನು ತಾನೇ ಮುಚ್ಚಿಕೊಂಡು ವಾಸಿಯಾಯಿತು. ಸಾಧಾರಣ ಇಲಿಗಳಲ್ಲಿ ಅದೇ ಗಾಯದಿಂದ ತಿರುಳು ಕೊಳೆತು ಬೇರಿನ ತುದಿಯಲ್ಲಿ ಕೀವಾಯಿತು. ಸೂಕ್ಷ್ಮಾಣು ಒಳಗಿದ್ದರೆ ಕಾಯಿಲೆ, ಇಲ್ಲದಿದ್ದರೆ ಇಲ್ಲ ಎಂಬುದು ಈ ಪ್ರಯೋಗ ಕಲಿಸಿದ ಪಾಠ. ಹಾಗಾಗಿ ಕಾಲುವೆಯನ್ನು ಶುಚಿ ಮಾಡಿ, ಮತ್ತೆ ಯಾವುದೂ ನುಸುಳದಂತೆ ಮುಚ್ಚಬೇಕು. ಶುಚಿ ಮಾಡುವ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಉಳಿದರ್ಧವನ್ನು ಮಾತ್ರೆಗೆ ವಹಿಸಿ ಎಂದು ಅದು ಎಲ್ಲೂ ಹೇಳಿಲ್ಲ.

ಎರಡನೆಯ ಆರೋಪ: ಪರೀಕ್ಷೆಗೆ ಒಡ್ಡಿದಾಗಲೆಲ್ಲ ಈ ನಂಬಿಕೆ ಸೋತಿದೆ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಿರುಳಿನ ಉರಿಯೂತದಿಂದ ತೀವ್ರವಾಗಿ ನರಳುತ್ತಿದ್ದ 40 ಮಂದಿಯಲ್ಲಿ ಕೆಲವರಿಗೆ ಏಳು ದಿನ ಪೆನಿಸಿಲಿನ್ ಕೊಟ್ಟರು, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗಳಿಗೆ ತಿಳಿಸಿರಲಿಲ್ಲ. ನೋವಿನಲ್ಲಾಗಲೀ, ಅವರು ನುಂಗಿದ ನೋವಿನ ಮಾತ್ರೆಗಳ ಲೆಕ್ಕದಲ್ಲಾಗಲೀ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಎಲ್ಲ ಪುರಾವೆಗಳನ್ನು ಒಟ್ಟುಗೂಡಿಸಿ ಮಾರ್ಗಸೂಚಿ ಹೊರಡಿಸಿತು: ರೋಗನಿರೋಧಕ ಶಕ್ತಿ ಸರಿಯಾಗಿರುವ ವಯಸ್ಕರಿಗೆ ಹಲ್ಲಿನ ಚಿಕಿತ್ಸೆ ಸಿಗುವಂತಿದ್ದರೆ, ತಿರುಳಿನಿಂದ ಬರುವ ನೋವಿಗೂ ಬೇರಿನ ತುದಿಗೇ ಸೀಮಿತವಾದ ಬಾವಿಗೂ ಆಂಟಿಬಯಾಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಕೊಡಿ. ಇಷ್ಟಾದ ಮೇಲೂ ಚೀಟಿಯ ಮೇಲೆ ಪೆನ್ನು ತಾನಾಗಿ ಅದೇ ಹೆಸರುಗಳತ್ತ ಓಡುವುದಾದರೆ, ಅದನ್ನು ವೈದ್ಯಕೀಯ ಎನ್ನಬೇಕೋ ಅಭ್ಯಾಸ ಎನ್ನಬೇಕೋ?

ಹಾಗಿದ್ದರೆ ಇಷ್ಟು ಜನ "ಮಾತ್ರೆ ತಗೊಂಡ್ಮೇಲೆ ವಾಸಿಯಾಯ್ತು" ಎನ್ನುವುದೇಕೆ? ಈ ನಂಬಿಕೆ ಬೇರೂರಿರುವುದು ಇಲ್ಲೇ. ರೂಟ್ ಕೆನಾಲ್ ನೋವಿನ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಸೇರಿಸಿ 2011ರಲ್ಲಿ ಪಾಕ್ ಮತ್ತು ವೈಟ್ ಎಂಬ ಸಂಶೋಧಕರು ಲೆಕ್ಕ ಹಾಕಿದರು. ಚಿಕಿತ್ಸೆಗೆ ಮುನ್ನ ನೋವಿದ್ದವರು ಶೇ. 81. ಚಿಕಿತ್ಸೆಯಾದ ಮರುದಿನ ಶೇ. 40. ವಾರ ಕಳೆಯುವಷ್ಟರಲ್ಲಿ ಶೇ. 11. ಸರಿಯಾಗಿ ಶುಚಿ ಮಾಡಿದ ಹಲ್ಲಿನ ನೋವು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುವ ಸ್ವಭಾವದ್ದು. ಐದು ದಿನದ ಕೋರ್ಸ್ ನುಂಗಿದವರ ನೋವೂ ಇಳಿಯುತ್ತದೆ, ನುಂಗದವರದ್ದೂ ಇಳಿಯುತ್ತದೆ. ದೇಹ ಮತ್ತು ವೈದ್ಯರ ಕೈ ಮಾಡಿದ ಕೆಲಸದ ಕೀರ್ತಿ ಮಾತ್ರೆಯ ಪಟ್ಟಿಗೆ ಸಲ್ಲುತ್ತದೆ. ಮುಂದಿನ ಸಲ ಮನೆಯಲ್ಲಿ ಇನ್ಯಾರಿಗೋ ಹಲ್ಲು ನೋವು ಬಂದಾಗ ಉಳಿದ ಅದೇ ಮಾತ್ರೆಗಳು ಹೊರಬರುತ್ತವೆ.

ಇನ್ನು ಮೂರನೆಯದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದ ಆರೋಪ ಇದೇ. "ನಂಜಾಗಿದೆ" ಎಂಬ ಒಂದು ಮಾತು, ನೋವಿಗಿರುವ ಹತ್ತು ಬೇರೆ ಬೇರೆ ಕಾರಣಗಳನ್ನು ಹುಡುಕದಂತೆ ಮಾಡುತ್ತದೆ. ರೂಟ್ ಕೆನಾಲ್ ಆದ ಮೇಲೆ ಸಹಿಸಲಾಗದ ನೋವು ಅಥವಾ ಬಾವು ದಿಢೀರನೆ ಕೆರಳುವುದಕ್ಕೆ ನಿರ್ದಿಷ್ಟ ಕಾರಣಗಳಿವೆ. ಅವುಗಳಲ್ಲಿ ಹೆಚ್ಚಿನವು ಹಲ್ಲಿನಲ್ಲಿವೆ, ಕೆಲಸ ಮಾಡಿದ ರೀತಿಯಲ್ಲಿವೆ.

ಬೇರಿನ ತುದಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಕಾಲುವೆ ಕೂದಲೆಳೆಯಷ್ಟು ಕಿರಿದಾಗಿ, ಆಮೇಲೆ ದವಡೆಯ ಮೂಳೆಗೆ ತೆರೆದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಒಳಗೇ ಫೈಲು ನಿಲ್ಲಬೇಕು ಎಂಬುದು ಸಾಮಾನ್ಯ ಲೆಕ್ಕ. ಅದಕ್ಕಿಂತ ಆಚೆಗೆ ಹೋದರೆ ಕೊಳೆತ ತಿರುಳು, ಸೂಕ್ಷ್ಮಾಣು, ಹಲ್ಲಿನ ಪುಡಿ ಎಲ್ಲವೂ ಮೂಳೆಯೊಳಕ್ಕೆ ತಳ್ಳಲ್ಪಡುತ್ತವೆ. ದೇಹ ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ. ಊತಕ್ಕೆ ಹಿಗ್ಗಲು ಜಾಗ ಕೊಡದ ಗಟ್ಟಿ ಮೂಳೆಯೊಳಗೆ ಒತ್ತಡ ಏರುತ್ತದೆ. ಹಲ್ಲನ್ನು ಬೆರಳಿನಿಂದ ಮುಟ್ಟಿದರೂ ಜೀವ ಹೋದಂತಾಗುವ ನೋವು ಅದು. ಎಷ್ಟು ಎಚ್ಚರ ವಹಿಸಿದರೂ ಸ್ವಲ್ಪ ಪುಡಿ ಆಚೆಗೆ ಹೋಗಿಯೇ ಹೋಗುತ್ತದೆ, ಆದರೆ ಉದ್ದವನ್ನು ಸರಿಯಾಗಿ ಅಳೆದರೆ ಅದು ತೀರಾ ಕಡಿಮೆಯಾಗುತ್ತದೆ. ಅಳೆಯಲು ಎಕ್ಸ್‌ರೇ ಇದೆ, ಏಪೆಕ್ಸ್ ಲೊಕೇಟರ್ ಎಂಬ ಚಿಕ್ಕ ವಿದ್ಯುತ್ ಯಂತ್ರವಿದೆ. ಅಂದಾಜಿನ ಮೇಲೆ ಫೈಲು ಓಡಿಸಿ, ತುದಿ ದಾಟಿಸಿ, ಆಮೇಲೆ ಎಲ್ಲ ಭಾರವನ್ನೂ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಮೇಲೆ ಹೊರಿಸುವುದು ಯಾವ ನ್ಯಾಯ?

ಕಾಲುವೆ ಬಿಟ್ಟುಹೋಗುವುದು ಇನ್ನೊಂದು ಕಾರಣ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಆದ್ದರಿಂದ ಮೂರೇ ಕಾಲುವೆ ಎಂಬ ಲೆಕ್ಕದಲ್ಲಿ ಕೆಲಸ ಮುಗಿಸುವುದುಂಟು. ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಕೆನ್ನೆ ಬದಿಯ ಮುಂದಿನ ಬೇರಿನೊಳಗೆ ಇನ್ನೊಂದು ಕಾಲುವೆ ಅಡಗಿರುತ್ತದೆ. ಹುಡುಕದವರಿಗೆ ಅದು ಕಾಣುವುದಿಲ್ಲ. ಅದರೊಳಗಿನ ಕೊಳೆ ಮಾತ್ರ ಹಾಗೇ ಉಳಿಯುತ್ತದೆ. ತಿಂಗಳುಗಳಾದ ಮೇಲೆ ಆ ಹಲ್ಲು ಮತ್ತೆ ಸೆಳೆಯತೊಡಗಿದಾಗ "ನಿಮ್ಮ ದೇಹಕ್ಕೆ ರೂಟ್ ಕೆನಾಲ್ ಒಗ್ಗಲ್ಲ" ಎಂಬ ತೀರ್ಪು ರೋಗಿಯ ತಲೆಗೆ ಬೀಳುತ್ತದೆ.

ಎಂಜಲು ಮೂರನೆಯದು. ಬಾಯಿಯ ಎಂಜಲಿನಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳಿವೆ. ತೆರೆದ ಕಾಲುವೆಗೆ ಅದು ಇಳಿಯದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆಯೊಂದನ್ನು ಹಿಗ್ಗಿಸಿ ಕಟ್ಟುವ ಪದ್ಧತಿಯನ್ನು ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫೋರ್ಡ್ ಬಾರ್ನಮ್ 1864ರಲ್ಲೇ ತೋರಿಸಿಕೊಟ್ಟರು. ರಬ್ಬರ್ ಡ್ಯಾಮ್ ಎಂದರೆ ಅದೇ. ಅದು ದುಬಾರಿಯಲ್ಲ, ಹಾಕಲು ಕೆಲವೇ ನಿಮಿಷ ಸಾಕು. ದಂತ ಕಾಲೇಜುಗಳಲ್ಲಿ ಅದನ್ನು ಕಡ್ಡಾಯವೆಂದು ಕಲಿಸುತ್ತಾರೆ. ಕಲಿತು ಹೊರಬಂದ ಮೇಲೆ ಎಷ್ಟು ಚಿಕಿತ್ಸಾಲಯಗಳಲ್ಲಿ ಅದು ರೋಗಿಯ ಬಾಯಿಗೇರುತ್ತದೆ? ರೂಟ್ ಕೆನಾಲ್ ಮಾಡಿಸಿಕೊಂಡಿರುವ ಓದುಗರು ತಮ್ಮನ್ನು ತಾವೇ ಕೇಳಿಕೊಳ್ಳಲಿ: ನಿಮ್ಮ ಬಾಯಿಗೆ ಆ ಹಾಳೆ ಹಾಕಿದ್ದು ನೆನಪಿದೆಯೇ? ಒಂದೂವರೆ ಶತಮಾನದಷ್ಟು ಹಳೆಯ ರಬ್ಬರ್ ತುಂಡನ್ನು ಕೈಬಿಟ್ಟು, ಸೂಕ್ಷ್ಮಾಣುವನ್ನು ನಾವೇ ಒಳಗೆ ಬಿಟ್ಟು, ಆಮೇಲೆ ಅದನ್ನು ಕೊಲ್ಲಲು ಮಾತ್ರೆ ಬರೆಯುತ್ತೇವೆ.

ನಾಲ್ಕನೆಯದು ಕಾಲುವೆ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆ ಬಿಳುಪು ಮಾಡುವ ಬ್ಲೀಚಿನಲ್ಲಿರುವುದೂ ಇದೇ ರಾಸಾಯನಿಕ. ಕಾಲುವೆಯೊಳಗೆ ಇದರಷ್ಟು ಒಳ್ಳೆಯ ಸಹಾಯಕ ಬೇರೊಂದಿಲ್ಲ, ಬೇರಿನ ತುದಿ ದಾಟಿದರೆ ಮಾತ್ರ ಅದು ಅಂಗಾಂಶವನ್ನು ಸುಡುತ್ತದೆ. ಸೂಜಿಯನ್ನು ಕಾಲುವೆಗೆ ಬಿಗಿಯಾಗಿ ಸಿಕ್ಕಿಸಿ ಒತ್ತಡದಿಂದ ಪಿಚಕಾರಿ ಒತ್ತಿದರೆ, ಆ ಕ್ಷಣವೇ ಉರಿ ಹೊತ್ತಿಕೊಂಡಂತೆ ನೋವು, ನಿಮಿಷಗಳಲ್ಲಿ ಕೆನ್ನೆಯ ಊತ, ಆಮೇಲೆ ಚರ್ಮದ ಮೇಲೆ ನೀಲಿಗಟ್ಟಿದ ಕಲೆ. ಪಕ್ಕದಲ್ಲಿ ತೂತಿರುವ ಸೂಜಿ, ನಿಧಾನವಾದ ಕೈ, ಅಳೆದ ಉದ್ದ, ಇಷ್ಟಿದ್ದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಆದಾಗ ಅದನ್ನು ರೋಗಿಗೆ ಹೇಳಿ, ಹತ್ತಿರದಿಂದ ನೋಡಿಕೊಳ್ಳಬೇಕು. "ಇನ್ಫೆಕ್ಷನ್ ಜಾಸ್ತಿ ಇತ್ತು" ಎಂದು ಕಳಿಸಿಬಿಡುವುದು ವಂಚನೆ.

ಐದನೆಯ ಕಾರಣ ಅತಿ ಸರಳ, ಅತಿ ನಿರ್ಲಕ್ಷಿತ. ತಾತ್ಕಾಲಿಕ ಸಿಮೆಂಟೋ ಫಿಲ್ಲಿಂಗೋ ಎಳ್ಳುಕಾಳಿನ ದಪ್ಪಕ್ಕಿಂತ ಕಡಿಮೆಯಷ್ಟು ಎತ್ತರವಾಗಿದ್ದರೂ ಸಾಕು, ಬಾಯಿ ಮುಚ್ಚಿದಾಗಲೆಲ್ಲ ಆ ಹಲ್ಲೇ ಮೊದಲು ತಾಗುತ್ತದೆ. ಆಗಲೇ ಉರಿಯುತ್ತಿರುವ ಬೇರಿನ ಮೇಲೆ ದಿನಕ್ಕೆ ಸಾವಿರ ಸಲ ಪೆಟ್ಟು ಬಿದ್ದಂತೆ. ಮುದ್ದೆಯನ್ನು ನುಂಗಬಹುದು, ರೊಟ್ಟಿ ಕಚ್ಚಲಾಗದು, ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರಂತೂ ಬೆಳಿಗ್ಗೆ ಎದ್ದಾಗ ದವಡೆಯೇ ಬಿರಿದ ಹಾಗೆ. ಇದಕ್ಕೆ ಪರಿಹಾರ ಏನು? ಬಣ್ಣದ ಕಾಗದದ ಚೂರನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿ, ಕಲೆ ಗಾಢವಾಗಿ ಬಿದ್ದಲ್ಲಿ ಒಂದಿಷ್ಟು ಉಜ್ಜಿ ತಗ್ಗಿಸುವುದು. ಎರಡು ನಿಮಿಷದ ಕೆಲಸ. ಎರಡು ನಿಮಿಷದಲ್ಲಿ ಹೋಗುವ ನೋವಿಗೆ ಐದು ದಿನದ ಆಂಟಿಬಯಾಟಿಕ್, ಅದರಿಂದ ಎದ್ದ ಹೊಟ್ಟೆಯುರಿಗೆ ಇನ್ನೊಂದು ಮಾತ್ರೆ, ಭೇದಿಗೆ ಮತ್ತೊಂದು. ಕಾರಣ ಕೇಳದೆ ಕೊಟ್ಟ ಔಷಧ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನೂ ಇವೆ. ಎರಡು ಸಿಟಿಂಗ್‌ಗಳ ನಡುವೆ ಹಾಕಿದ ತಾತ್ಕಾಲಿಕ ಮುಚ್ಚಳ ಉದುರಿ ಎಂಜಲು ಒಳಗಿಳಿದಿರಬಹುದು. ತುಂಬಿದ ವಸ್ತು ತುದಿ ದಾಟಿ ಕೆಳದವಡೆಯ ನರವನ್ನು ಒತ್ತುತ್ತಿರಬಹುದು. ಅರಿವಳಿಕೆ ಇಳಿದ ಮೇಲೂ ತುಟಿ, ಗದ್ದ ಮರಗಟ್ಟಿಯೇ ಇದ್ದರೆ ಅದು ಅಂದೇ ವೈದ್ಯರನ್ನು ಕಾಣಬೇಕಾದ ತುರ್ತು. ಹಲ್ಲು ಬೇರಿನವರೆಗೂ ಬಿರುಕು ಬಿಟ್ಟಿರಬಹುದು. ನೋವು ಹಲ್ಲಿನದ್ದೇ ಅಲ್ಲದಿರಲೂಬಹುದು: ಸೈನಸ್‌ನ ಉರಿಯೂತ ಮೇಲಿನ ದವಡೆ ಹಲ್ಲುಗಳ ನೋವಿನ ಹಾಗೇ ಕಾಣುತ್ತದೆ, ಅಗಿಯುವ ಸ್ನಾಯುಗಳ ಸೆಳೆತವೂ ಹಾಗೆಯೇ. ಮುಖದ ನರಶೂಲೆಯಿರುವವರು ಒಂದಾದ ಮೇಲೊಂದು ಒಳ್ಳೆಯ ಹಲ್ಲನ್ನೇ ಕೀಳಿಸಿಕೊಂಡ ಪ್ರಕರಣಗಳನ್ನು ವೈದ್ಯಕೀಯ ಪುಸ್ತಕಗಳು ಎಚ್ಚರಿಕೆಯಾಗಿ ದಾಖಲಿಸಿವೆ. ಈ ಯಾವುದಕ್ಕೂ ಆಂಟಿಬಯಾಟಿಕ್ ಮದ್ದಲ್ಲ. ಎಲ್ಲಕ್ಕೂ ಬೇಕಾದ್ದು ಯಾರಾದರೂ ಬಾಯಿ ತೆರೆಸಿ ನೋಡುವುದು, ತಟ್ಟಿ ನೋಡುವುದು, ಎಕ್ಸ್‌ರೇ ತೆಗೆದು ನೋಡುವುದು.

ಚಿಕಿತ್ಸೆಗೆ ಮುನ್ನ ತೀವ್ರ ನೋವಿದ್ದವರಿಗೆ ಆಮೇಲೂ ನೋವು ಬರುವ ಸಂಭವ ಹೆಚ್ಚು ಎಂಬುದು ಬಹುಕಾಲದಿಂದ ತಿಳಿದ ಸಂಗತಿ. ಮೊದಲೇ ಗೊತ್ತಾಗುವ ಇದನ್ನು ಮೊದಲೇ ಹೇಳಬಾರದೇ? "ನಾಳೆ, ನಾಡಿದ್ದು ನೋವಿರುತ್ತೆ, ಹೆದರಬೇಡಿ. ಈ ನೋವಿನ ಮಾತ್ರೆಯನ್ನು ಇಷ್ಟು ಗಂಟೆಗೊಮ್ಮೆ ತಗೊಳ್ಳಿ. ಮೂರನೇ ದಿನವೂ ಏರುತ್ತಾ ಹೋದರೆ, ಬಾವು ಬಂದರೆ, ನನಗೆ ಫೋನ್ ಮಾಡಿ." ಈ ಮೂರು ವಾಕ್ಯ ಹೇಳಲು ಒಂದು ನಿಮಿಷ ಬೇಡ. ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಸೇರಿಸಿ ಕೊಟ್ಟರೆ ಹಲ್ಲಿನ ನೋವು ಚೆನ್ನಾಗಿ ತಗ್ಗುತ್ತದೆ ಎಂಬುದಕ್ಕೆ ಬಲವಾದ ಪುರಾವೆಯಿದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇರುವವರಿಗೆ, ಗರ್ಭಿಣಿಯರಿಗೆ ಐಬುಪ್ರೊಫೆನ್ ಆಗಿಬರದಿರಬಹುದು, ಹಾಗಾಗಿ ಅದನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹೇಳದೆ ಕಳಿಸಿದ ರೋಗಿ ಮಧ್ಯರಾತ್ರಿ ನೋವಿನಿಂದ ಎದ್ದು ಕೂತಾಗ, ಅವನಿಗೆ ಹೊಳೆಯುವುದು ಎರಡೇ: ಡಾಕ್ಟ್ರು ಹಾಳು ಮಾಡಿದರು, ಇಲ್ಲವೇ ನಂಜಾಯಿತು.

ನಾಲ್ಕನೆಯ ಆರೋಪ: ಈ ನಂಬಿಕೆ ಹಲ್ಲನ್ನು ಕೀಳಿಸುತ್ತದೆ. ಇದನ್ನು ಬಾಶೆಟ್ಟಿಹಳ್ಳಿಯಂಥ ಊರಿನಲ್ಲಿ ನಿಂತು ನೋಡಬೇಕು. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಕಾರ್ಖಾನೆಯ ಗುತ್ತಿಗೆ ಕೆಲಸಗಾರರು, ದೊಡ್ಡಬಳ್ಳಾಪುರದ ಮಗ್ಗದ ಮನೆಗಳವರು, ಇವರಲ್ಲಿ ಯಾರಿಗೂ ಹಲ್ಲಿಗಾಗಿ ಮೂರು ನಾಲ್ಕು ಸಲ ರಜೆ ಹಾಕುವುದು ಸುಲಭವಲ್ಲ. ಮೊದಲ ಸಿಟಿಂಗ್‌ಗೆ ಹೇಗೋ ಹೋಗುತ್ತಾರೆ. ಎರಡು ದಿನ ನೋವು, ಮಾತ್ರೆ, ಆಮೇಲೆ ಶಮನ. "ಕೋರ್ಸ್ ಮಾಡಿದ್ಮೇಲೆ ಸರಿಹೋಯ್ತು, ಇನ್ಯಾಕೆ ಹೋಗೋದು" ಎಂದು ಉಳಿದ ಸಿಟಿಂಗ್ ಬಿಡುತ್ತಾರೆ. ತಾತ್ಕಾಲಿಕ ಮುಚ್ಚಳ ಕೆಲವೇ ವಾರಗಳಲ್ಲಿ ಸವೆದು ಬೀಳುತ್ತದೆ. ಕಾಲುವೆ ಮತ್ತೆ ಕೊಳೆಯುತ್ತದೆ. ಒಂದು ದಿನ ಕೆನ್ನೆ ಊದಿಕೊಂಡು, ಹಲ್ಲು ಕೀಳಿಸಿಕೊಂಡು ಬಂದವರು ಊರಿಗೆಲ್ಲ ಹೇಳುವುದು, "ರೂಟ್ ಕೆನಾಲ್ ದುಡ್ಡು ದಂಡ, ಮೊದಲೇ ಕೀಳಿಸಬೇಕಿತ್ತು." ಚಿಕಿತ್ಸೆ ಇನ್ನೂ ಮುಗಿದೇ ಇಲ್ಲ ಎಂದು ಅವರಿಗೆ ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ. ಮಾತ್ರೆಯೇ ಚಿಕಿತ್ಸೆ ಎಂದು ನಂಬಿಸಿದವರು ಯಾರು?

ಪೂರ್ತಿ ಮಾಡಿಸಿದವರಲ್ಲೂ ಅನೇಕರು ಕ್ಯಾಪ್ ಹಾಕಿಸುವುದನ್ನು ಮುಂದೂಡುತ್ತಾರೆ. ಅಮೆರಿಕದ ವಿಮೆ ದಾಖಲೆಗಳಿಂದ 14 ಲಕ್ಷಕ್ಕೂ ಹೆಚ್ಚು ರೂಟ್ ಕೆನಾಲ್ ಹಲ್ಲುಗಳನ್ನು ಎಂಟು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಶೇ. 97ರಷ್ಟು ಹಲ್ಲುಗಳು ಬಾಯಲ್ಲೇ ಉಳಿದಿದ್ದವು. ಕೀಳಿಸಬೇಕಾದ ಹಲ್ಲುಗಳಲ್ಲಿ ಶೇ. 85ಕ್ಕೆ ಪೂರ್ಣ ಕ್ಯಾಪ್ ಇರಲಿಲ್ಲ. ಹಲ್ಲುಳಿಸುವುದು ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ? ಬೇಡದ ಮಾತ್ರೆಗಳಿಗೂ ಮತ್ತೆ ಮತ್ತೆ ನೋವಿಗೂ ಹೋಗುವ ಹಣ ಮತ್ತು ರಜೆಯನ್ನು ಒಟ್ಟು ಮಾಡಿದರೆ ಎಷ್ಟೋ ಮನೆಗಳಲ್ಲಿ ಒಂದು ಸಾದಾ ಲೋಹದ ಕ್ಯಾಪ್‌ನ ಖರ್ಚಿಗೆ ಹತ್ತಿರ ಬರಬಹುದು.

ಐದನೆಯ ಆರೋಪ ಒಂದು ಬಾಯಿಗೆ ಸೀಮಿತವಲ್ಲ. ಅಗತ್ಯವಿಲ್ಲದೆ ನುಂಗಿದ ಪ್ರತಿಯೊಂದು ಆಂಟಿಬಯಾಟಿಕ್ ಮಾತ್ರೆಯೂ ಕರುಳಿನಲ್ಲಿ, ಚರ್ಮದ ಮೇಲೆ, ಬಾಯಲ್ಲಿ ಇರುವ ಸೂಕ್ಷ್ಮಾಣುಗಳಿಗೆ ಆ ಔಷಧದಿಂದ ತಪ್ಪಿಸಿಕೊಳ್ಳುವ ತರಬೇತಿ ಕೊಡುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಹಲ್ಲಿನ ನೋವಿಗೆ ನಮ್ಮಲ್ಲಿ ಸಲೀಸಾಗಿ ಕೊಡುವ ಓಫ್ಲಾಕ್ಸಸಿನ್, ಸೆಫಿಕ್ಸಿಮ್ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರದಿಂದ ಬಳಸಬೇಕಾದ ಗುಂಪಿಗೆ ಸೇರಿಸಿದೆ. ಓಫ್ಲಾಕ್ಸಸಿನ್‌ನದ್ದೇ ಕುಟುಂಬದ ಔಷಧಗಳು ಔಷಧಕ್ಕೆ ಬಗ್ಗದ ಕ್ಷಯದ ಚಿಕಿತ್ಸೆಯಲ್ಲಿ ಆಧಾರಸ್ತಂಭಗಳು. ಎತ್ತರವಾದ ಫಿಲ್ಲಿಂಗಿನ ನೋವಿಗೆ ಆ ಆಸ್ತಿಯನ್ನು ಖರ್ಚು ಮಾಡುವ ಹಕ್ಕು ಯಾರು ಕೊಟ್ಟರು?

ಕಾನೂನು ಇಲ್ಲವೆಂದಲ್ಲ. ಆಂಟಿಬಯಾಟಿಕ್‌ಗಳು ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಗಳ ಪಟ್ಟಿಯಲ್ಲಿವೆ. ಸೆಫಿಕ್ಸಿಮ್ ಸೇರಿದಂತೆ ಕೆಲವಕ್ಕೆ 2014ರ ಮಾರ್ಚ್‌ನಿಂದ ಇನ್ನೂ ಬಿಗಿಯಾದ ನಿಯಮವಿದೆ: ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿಯಿಲ್ಲದೆ ಈ ಮಾತ್ರೆ ತೆಗೆದುಕೊಳ್ಳಬೇಡಿ ಎಂದು ಜನರಿಗೆ ತಿಳಿಸಲು ಪಟ್ಟಿಯ ಮೇಲೆ ಕೆಂಪು ಗೆರೆ ಎಳೆಯಲಾಗಿದೆ, 2016ರಲ್ಲಿ ಕೇಂದ್ರ ಸರ್ಕಾರ ಅದರ ಪ್ರಚಾರವನ್ನೂ ಮಾಡಿತು. ಆ ಕೆಂಪು ಗೆರೆಯ ಪಟ್ಟಿಯನ್ನೇ ಕತ್ತರಿಯಿಂದ ಎರಡು ತುಂಡು ಮಾಡಿ ನಾಲ್ಕು ಮಾತ್ರೆ ಕೈಗಿಡುವುದು ಎಲ್ಲರೂ ಕಂಡ ದೃಶ್ಯ. ಅಂಗಡಿ ಪರಿಶೀಲಿಸಬೇಕಾದ ಅಧಿಕಾರಿಗಳ ಕಣ್ಣಿಗೆ ಅದು ಯಾವಾಗ ಬೀಳುತ್ತದೆ?

ವೈದ್ಯರು ಕೊಡುವ ಸಮಜಾಯಿಷಿಗಳು ಗೊತ್ತು. "ಬರೆಯದಿದ್ದರೆ ರೋಗಿ ಒಪ್ಪುವುದಿಲ್ಲ, ಪಕ್ಕದ ಕ್ಲಿನಿಕ್‌ಗೆ ಹೋಗುತ್ತಾರೆ" ಎನ್ನುತ್ತಾರೆ. ರೋಗಿ ಕೇಳುವುದು ನೋವು ನಿಲ್ಲಲಿ ಎಂದು. ಆಂಟಿಬಯಾಟಿಕ್ ಎಂಬ ಹೆಸರನ್ನು ಅವರ ನಾಲಿಗೆಗೆ ಕಲಿಸಿದ್ದೇ ಇಷ್ಟು ವರ್ಷಗಳ ಚೀಟಿಗಳು. "ಮುನ್ನೆಚ್ಚರಿಕೆಗಾಗಿ ಬರೆಯುತ್ತೇವೆ" ಎನ್ನುತ್ತಾರೆ. ಮುನ್ನೆಚ್ಚರಿಕೆ ಎಂದರೆ ರಬ್ಬರ್ ಡ್ಯಾಮ್, ಮುನ್ನೆಚ್ಚರಿಕೆ ಎಂದರೆ ಅಳೆದ ಉದ್ದ, ಮರುದಿನ ಮಾಡುವ ಒಂದು ಫೋನ್ ಕರೆ. "ಕಡಿಮೆ ದುಡ್ಡಿಗೆ ಅಷ್ಟೆಲ್ಲ ಆಗುವುದಿಲ್ಲ" ಎನ್ನುತ್ತಾರೆ. ಕಡಿಮೆ ದುಡ್ಡು ಕೊಡುವವರ ಬೇರಿನ ತುದಿಯಲ್ಲಿ ನೋವು ಕಡಿಮೆ ಇರುತ್ತದೆಯೇ?

ಸರ್ಕಾರವೂ ಈ ಆರೋಪದಿಂದ ಹೊರಗಿಲ್ಲ. ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ ಕರ್ನಾಟಕದಲ್ಲಿ ಬಂತು. ಹಲ್ಲಿಲ್ಲದ ಅಜ್ಜಿಗೆ ಅನ್ನ ಅಗಿಯುವಂತೆ ಮಾಡುವುದು ಪುಣ್ಯದ ಕೆಲಸ. ಆದರೆ ಆ ಭಾಗ್ಯ ಶುರುವಾಗುವುದು ಹಲ್ಲು ಹೋದ ಮೇಲೆ. ನಡುಹರೆಯದ ಕೆಲಸಗಾರನ ಹಲ್ಲನ್ನು ಉಳಿಸುವ ಭಾಗ್ಯ ಎಲ್ಲಿದೆ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರ ಹೆಸರಿನಲ್ಲಿ ವಿಮಾ ಯೋಜನೆಯಾದ ಇಎಸ್‌ಐಗೆ ಕಾರ್ಮಿಕರಿಂದ ಶೇ. 0.75, ಮಾಲೀಕರಿಂದ ಶೇ. 3.25 ಪ್ರತಿ ತಿಂಗಳೂ ಹೋಗುತ್ತದೆ. ಬಾಶೆಟ್ಟಿಹಳ್ಳಿಯಿಂದಲೂ ಆ ಹಣ ತಪ್ಪದೆ ಹೋಗುತ್ತದೆ. ಆ ಹಣಕ್ಕೆ ತಕ್ಕಂತೆ ರೂಟ್ ಕೆನಾಲ್‌ನ ಎಲ್ಲ ಸಿಟಿಂಗ್‌ಗಳೂ, ಕ್ಯಾಪ್ ಕೂಡ, ಕೆಲಸದ ಜಾಗದ ಹತ್ತಿರವೇ, ಪಾಳಿ ಮುಗಿದ ಹೊತ್ತಿನಲ್ಲೇ ಸಿಗಬೇಕೆಂದು ಕೇಳುವುದು ಭಿಕ್ಷೆಯಲ್ಲ. ಹಲ್ಲು ಉಳಿಸಲು ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನವರೆಗೆ ಕೂಲಿ ಬಿಟ್ಟು ಓಡಾಡಬೇಕು, ಕೀಳಿಸಲು ಮಾತ್ರ ಊರಲ್ಲೇ ಆಗುತ್ತದೆ ಎಂದಾದರೆ ಬಡವರು ಯಾವುದನ್ನು ಆರಿಸುತ್ತಾರೆ?

ಆಂಟಿಬಯಾಟಿಕ್ ಯಾವಾಗಲೂ ಬೇಡ ಎಂದು ನಾನು ಹೇಳುತ್ತಿಲ್ಲ. ಜ್ವರ, ಚಳಿ, ಮೈಕೈ ಸುಸ್ತು ಬಂದರೆ, ಬಾವು ಕೆನ್ನೆಯಿಂದ ಕಣ್ಣಿನತ್ತವೋ ಕುತ್ತಿಗೆಯತ್ತವೋ ಹರಡಿದರೆ ಆ ಔಷಧ ಬೇಕು, ಕೂಡಲೇ ಬೇಕು. ಬಾಯಿ ತೆರೆಯಲಾಗದಿದ್ದರೆ, ಉಗುಳು ನುಂಗಲಾಗದಿದ್ದರೆ, ಉಸಿರಿಗೆ ತೊಡಕಾದರೆ ಅದು ಜೀವಕ್ಕೇ ಅಪಾಯ, ಕ್ಲಿನಿಕ್ ತೆರೆಯುವವರೆಗೆ ಕಾಯದೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ, ಹೃದಯದ ಕೃತಕ ಕವಾಟವಿರುವವರ ವಿಚಾರವೇ ಬೇರೆ, ಅವರು ಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ಹೇಳಬೇಕು. ಇಂಥ ಹೊತ್ತಿನಲ್ಲಿ ಕೈಹಿಡಿಯಬೇಕಾದ ಔಷಧ ಕೆಲಸ ಮಾಡುವಂತೆ ಉಳಿಯಬೇಕಾದರೆ ಉಳಿದ ಸಮಯದಲ್ಲಿ ಅದನ್ನು ಮುಟ್ಟಬಾರದು.

ದಂತವೈದ್ಯರಿಗೆ ನನ್ನ ಒತ್ತಾಯ: ಮುಂದಿನ ರೋಗಿ ನೋವೆಂದು ಬಂದಾಗ ಚೀಟಿ ಪುಸ್ತಕ ಪಕ್ಕಕ್ಕಿಟ್ಟು ಬಾಯಿ ತೆರೆಸಿ. ಕಚ್ಚಿಸಿ ನೋಡಿ, ಎಕ್ಸ್‌ರೇ ತೆಗೆಯಿರಿ, ಬಿಟ್ಟ ಕಾಲುವೆ ಹುಡುಕಿ, ಮತ್ತೆ ತೊಳೆಯಿರಿ, ಕೀವಿದ್ದರೆ ಹೊರಬಿಡಿ. ತಪ್ಪಾಗಿದ್ದರೆ ಒಪ್ಪಿಕೊಂಡು ಸರಿಪಡಿಸಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಔಷಧ ಅಂಗಡಿಗಳವರಿಗೆ: ಚೀಟಿಯಿಲ್ಲದೆ ಕೆಂಪು ಗೆರೆಯ ಪಟ್ಟಿಗೆ ಕತ್ತರಿ ಹಾಕಬೇಡಿ. ಇಎಸ್‌ಐಗೂ ಆರೋಗ್ಯ ಇಲಾಖೆಗೂ: ಕಾರ್ಮಿಕರ ಊರಿಗೆ ಹಲ್ಲು ಉಳಿಸುವ ಕುರ್ಚಿಯನ್ನು, ಅದನ್ನು ಬಳಸಬಲ್ಲ ವೈದ್ಯರನ್ನು ಕಳಿಸಿ.

ಓದುಗರಿಗೆ ಕೊನೆಯ ಮಾತು. ರೂಟ್ ಕೆನಾಲ್ ಆದ ಮೇಲೆ ಒಂದೆರಡು ದಿನ ನೋಯುವುದು ಸಹಜ, ಹೆದರಬೇಡಿ. ನೋವು ಏರುತ್ತಲೇ ಹೋದರೆ ಅಂಗಡಿಗೆ ಹೋಗಬೇಡಿ, ಚಿಕಿತ್ಸೆ ಮಾಡಿದವರ ಬಳಿಗೇ ಹೋಗಿ ಕೇಳಿ: "ನನ್ನ ಈ ನೋವಿಗೆ ಕಾರಣ ಏನು?" ಉತ್ತರವಾಗಿ ಬರೀ ಮಾತ್ರೆಯ ಹೆಸರು ಬಂದರೆ, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ. ಕಾರಣ ಹೇಳುವವರೆಗೂ ಎದ್ದು ಬರಬೇಡಿ.